ಎಣಿಕೆಗೆ ಬಾರದ ಮತ

ಏಪ್ರಿಲ್ 9, ಗುರುವಾರ

ಪ್ರಿಯ ಹಾರಿಯೆಟ್,

‘ಕುದುರೆ ಹೋಯ್ತು, ಲದ್ದಿ ಮಾತ್ರ ಉಳ್ಕೊಂಡಿದೆ’ ಅಂದಿದ್ದರೋ, ‘ಲದ್ದಿ ನಮ್ಮ ಪಾಲಿಗೆ ಬಂದಿದೆ’ ಅಂದಿದ್ದರೋ, ಸರಿಯಾಗಿ ನೆನಪಾಗುತ್ತಿಲ್ಲ. ನಿಮ್ಮ ಏಮಸ್ ಹಾಗೆಂದದ್ದು ನಮ್ಮ ಕೋರ್ಟಿನ ಮಹಡಿಯ ಕಾರಿಡಾರಿನಲ್ಲಿ, ಆ ಗಡ್ಡದ ನ್ಯಾಯಾಧೀಶರ ಪಟದ ಕೆಳಗೆ, ತೋಳಿನ ತುಂಬ ಕಡತ ಹೊತ್ತುಕೊಂಡು. ಪಟದವರ ಕಾಲದಲ್ಲಿ ನ್ಯಾಯಾಧೀಶರು ಕುದುರೆಯೇರಿ ಊರೂರು ಸುತ್ತುತ್ತಿದ್ದರು. ತಾವೇ ಕೊಟ್ಟ ತೀರ್ಪಿನ ಮೇಲ್ಮನವಿಯನ್ನು ಕೆಲವೊಮ್ಮೆ ತಾವೇ ಕೇಳುತ್ತಿದ್ದರು. 1891ರಲ್ಲಿ ವಾಷಿಂಗ್ಟನ್ನಿನವರು ನಮ್ಮ ಮೇಲ್ಮನವಿ ಕೋರ್ಟುಗಳನ್ನು ಹುಟ್ಟಿಸಿದಾಗ ಅದು ನಿಂತಿತು. ಒಬ್ಬರ ತಪ್ಪನ್ನು ಬೇರೆ ಮೂವರು ನೋಡಲಿ ಎಂದು. ಆ ಮೂವರ ತಪ್ಪನ್ನು ಯಾರು ನೋಡಬೇಕು ಎಂದು ಏಮಸ್ ಆಗಾಗ ಕೇಳುತ್ತಿದ್ದರು, ತಮಾಷೆಗೆ.

ಕೇಕಿನ ಡಬ್ಬಿ ಬಂತು. ಅದರೊಳಗೆ ನೀವಿಟ್ಟ ಚೀಟಿಯೂ ಸಿಕ್ಕಿತು. ನಿಮ್ಮ ಯಜಮಾನರು ಪೀಠದಲ್ಲಿ ಕೂತ ಕೊನೆಯ ಮೊಕದ್ದಮೆ ಏನಾಯಿತು, ಅವರ ಮತ ಲೆಕ್ಕಕ್ಕೆ ಬಂತೇ ಎಂದು ಕೇಳಿದ್ದೀರಿ. ನಾವು ಮೂವರು ನ್ಯಾಯಾಧೀಶರು ಬಾಗಿಲು ಮುಚ್ಚಿಕೊಂಡು ಆಡಿದ ಮಾತನ್ನು ಹೊರಗೆ ಹೇಳಬಾರದು. ಆದರೂ ನಿಮಗೆ ಬರೆಯುತ್ತಿದ್ದೇನೆ.

ಡೆರಲ್ ಪಿಕೆಟ್ ಎಂಬ ಯುವಕನ ಮೇಲೆ ಅಂಚೆ ಕಚೇರಿ ದರೋಡೆಯ ಆರೋಪವಿತ್ತು. ಅವನ ಪರವಾಗಿ ಇದ್ದ ಸಾಕ್ಷಿ ಒಂದೇ, ಅವನ ಸೋದರತ್ತೆ ಓಜೆಲ್ಲಾ. ವಿಚಾರಣೆಯ ದಿನ ಆಕೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಊಟದ ಹೊತ್ತಿನ ಮೇಲೆ ಬರುತ್ತಾರೆ, ದಯವಿಟ್ಟು ಕಾಯಿರಿ ಎಂದು ವಕೀಲ ಬೇಡಿಕೊಂಡ. ಒಬ್ಬ ಅತ್ತೆಗೋಸ್ಕರ ಜ್ಯೂರಿಯನ್ನು ಕೂರಿಸಿಕೊಳ್ಳಲಾಗದು ಎಂದು ಕೆಳಗಿನ ಕೋರ್ಟಿನ ನ್ಯಾಯಾಧೀಶರು ಸಾಕ್ಷ್ಯವನ್ನು ಮುಗಿಸಿಬಿಟ್ಟರು. ಹನ್ನೆರಡು ವರ್ಷ ಸಜೆಯಾಯಿತು. ಆಕೆಗಾಗಿ ಕಾಯದಿದ್ದದ್ದು ಸರಿಯೇ ಎಂಬುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ. ದರೋಡೆಯಾದ ಸಂಜೆ ಅವನು ಎಲ್ಲಿದ್ದ ಎಂಬುದು ನಮ್ಮ ಪ್ರಶ್ನೆಯಲ್ಲ.

ಅಕ್ಟೋಬರಿನಲ್ಲಿ ವಾದ ಕೇಳಿದೆವು. ಮುಗಿದ ಮೇಲೆ ಪೀಠದಿಂದ ಇಳಿದು ಬಂದು ವಕೀಲರ ಕೈ ಕುಲುಕುವುದು ನಮ್ಮಲ್ಲಿ ರೂಢಿ, ನಿಮಗೆ ಗೊತ್ತು. ಅವತ್ತು ಏಮಸ್ ಕಟಕಟೆಯ ಆಚೆಗೂ ಕೈ ಚಾಚಿದರು. ಮುಂದಿನ ಬೆಂಚಿನಲ್ಲಿ ನೇರಳೆ ಟೋಪಿ ಹಾಕಿಕೊಂಡ ಮುದುಕಿಯೊಬ್ಬಳು ಕೂತಿದ್ದಳು. ಕೊಟ್ಟ ಕೈಯನ್ನು ಅವಳು ಬಿಡಲಿಲ್ಲ.

‘ಸಾಹೇಬ್ರೇ, ನಾನೇ ಓಜೆಲ್ಲಾ. ಈ ಸಲ ನಿನ್ನೇನೇ ಬಂದ್ಬಿಟ್ಟೆ. ಚರ್ಚಿನವರ ಮನೇಲಿ ಮಲಗಿದ್ದೆ. ಈಗ ಹೇಳ್ಲಾ?’

‘ಇಲ್ಲಿ ಸಾಕ್ಷಿ ಕೇಳೋ ಹಾಗಿಲ್ಲಮ್ಮ’ ಅಂದರು ಏಮಸ್. ‘ಕೆಳಗಿನ ಕೋರ್ಟಲ್ಲಿ ಬರ್ಕೊಂಡಿದ್ದನ್ನ ಓದೋದಷ್ಟೇ ನಮ್ಮ ಕೆಲಸ.’

‘ಅಲ್ಲಿ ಬರ್ಕೊಳ್ಳಲೇ ಇಲ್ವಲ್ಲ!’

ನಮ್ಮ ಮೂರನೆಯವರು, ಸ್ಟ್ಯಾಂಡಿಫರ್, ಹಿಂದಿನಿಂದ ನಕ್ಕರು. ‘ನಿಮ್ಮ ವಕೀಲನಿಗಿಂತ ನೀವೇ ವಾಸಿ ಕಣಮ್ಮ.’ ಅವಳೂ ನಕ್ಕಳು. ಅದನ್ನು ಒಳ್ಳೆಯ ಸೂಚನೆ ಎಂದುಕೊಂಡಳೇನೋ.

ಒಳಗೆ ಹೋಗಿ ಮತ ಹಾಕಿದೆವು. ಹೊಸದಾಗಿ ವಿಚಾರಣೆ ಆಗಲಿ ಎಂದು ನಾನು ಮತ್ತು ಏಮಸ್, ಬೇಡ ಎಂದು ಸ್ಟ್ಯಾಂಡಿಫರ್. ‘ಇಬ್ಬರೂ ಸೇರ್ಕೊಂಡು ಪಾಪ ಆ ಕೆಳಗಿನವನ್ನ ಒದ್ದುಬಿಟ್ರಿ. ಇರ್ಲಿ, ನಾನೂ ನಾಲ್ಕು ಸಾಲು ಬರೀತೀನಿ’ ಅಂದರು. ಕ್ರಿಸ್‌ಮಸ್‌ಗೆ ಮೊದಲೇ ನಾನು ತೀರ್ಪು ಬರೆದು ಮುಗಿಸಿದೆ. ಏಮಸ್ ಓದಿ ಒಪ್ಪಿ ಸಹಿ ಹಾಕಿದರು. ಭಿನ್ನಮತ ಬರೆಯುವವರಿಗೆ ಕಾದು ಎರಡನ್ನೂ ಒಟ್ಟಿಗೆ ಹೊರಡಿಸುವುದು ನಮ್ಮ ಸೌಜನ್ಯ. ಅದು ಕಾನೂನಲ್ಲ. ಜನವರಿಯಲ್ಲಿ ಸ್ಟ್ಯಾಂಡಿಫರರಿಗೆ ಬೆನ್ನುನೋವು. ಫೆಬ್ರವರಿಯಲ್ಲಿ ‘ಇನ್ನೊಂದು ವಾರ’ ಅಂದರು. ಅಷ್ಟರಲ್ಲಿ ಏಮಸ್ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಈ ಮೊಕದ್ದಮೆಯ ಮಾತು ನಾವು ಎತ್ತಲೇ ಇಲ್ಲ. ನಿಮ್ಮ ಟೊಮೇಟೊ ಸಸಿಗಳ ಬಗ್ಗೆ, ಅಲ್ಲಿ ಕೊಡುವ ಹಸಿರು ಜೆಲ್ಲಿಯ ಬಗ್ಗೆ ಮಾತಾಡಿದೆವು.

ಭಿನ್ನಮತ ನನ್ನ ಮೇಜಿಗೆ ಬಂದದ್ದು ಶವಸಂಸ್ಕಾರದ ಮರುದಿನ. ಚೆನ್ನಾಗಿಯೇ ಬರೆದಿದ್ದರು.

ತೀರ್ಪು ಹೊರಬೀಳುವ ತನಕ ನ್ಯಾಯಾಧೀಶರು ಮನಸ್ಸು ಬದಲಿಸಬಹುದು. ಸತ್ತವರು ಬದಲಿಸಲಾರರು. ಹಾಗಾಗಿ ಸತ್ತವರ ಮತವನ್ನು ಎಣಿಸುವುದಿಲ್ಲ. ಏಮಸ್ ಜಾಗಕ್ಕೆ ಚೀಟಿ ಎತ್ತಿ ಹೊಸಬರೊಬ್ಬರನ್ನು ಕೂರಿಸಿದರು. ಅವರು ಕಡತ ಓದಿ ಸ್ಟ್ಯಾಂಡಿಫರ್ ಕಡೆಗೆ ಹೋದರು. ನಾನು ಬರೆದ ತೀರ್ಪು ಈಗ ಭಿನ್ನಮತ. ಹೆಚ್ಚೇನೂ ಬದಲಿಸಬೇಕಾಗಲಿಲ್ಲ. ‘ನಾವು’ ಎಂದು ಇದ್ದಲ್ಲೆಲ್ಲ ‘ನಾನು’ ಎಂದು ತಿದ್ದಿದೆ. ಹೋದ ಮಂಗಳವಾರ ಎರಡೂ ಒಟ್ಟಿಗೆ, ಸೌಜನ್ಯಪೂರ್ವಕವಾಗಿ ಹೊರಬಿದ್ದವು. ಡೆರಲ್ ಒಳಗೇ ಇರುತ್ತಾನೆ. ಇಂಥವನ್ನು ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳುವುದು ತೀರಾ ಅಪರೂಪ.

ಸ್ಟ್ಯಾಂಡಿಫರ್ ಬೇಕೆಂದೇ ತಡಮಾಡಿದರು ಎಂದು ನೀವು ಯೋಚಿಸುವುದು ಬೇಡ. ಅವರು ಅತ್ತದ್ದನ್ನು ನೀವೇ ನೋಡಿದ್ದೀರಿ. ಕಾದವಳು ನಾನು. ಒಂದು ಮಧ್ಯಾಹ್ನ ಕಾಯಲಾರದವರ ಅನ್ಯಾಯದ ಬಗ್ಗೆ ಪುಟಗಟ್ಟಲೆ ಬರೆದು, ಆ ಪುಟಗಳನ್ನು ಖಾನೆಯಲ್ಲಿಟ್ಟುಕೊಂಡು ಕಾದವಳು.

ಏಮಸ್‌ರ ಮತ ಲೆಕ್ಕಕ್ಕೆ ಬರಲಿಲ್ಲ, ಹಾರಿಯೆಟ್.

ನಿಮ್ಮ,
ಕಾನ್‌ಸ್ಟನ್ಸ್

ಮರೆತ ಮಾತು: ಮರೆತದ್ದಲ್ಲ. ಆಸ್ಪತ್ರೆಯಲ್ಲಿ ಆ ಮಾತು ಬಂದಿತ್ತು. ನೀವು ಕಾಫಿ ತರಲು ಕೆಳಗೆ ಹೋಗಿದ್ದಿರಿ. ‘ಕಾಯಬೇಡ ಕಾನಿ, ತೀರ್ಪು ಕಳಿಸ್ಬಿಡು’ ಅಂದರು ಏಮಸ್. ‘ಸ್ಟ್ಯಾಂಡಿಫರ್ ಬೇಜಾರು ಮಾಡ್ಕೋತಾರೆ’ ಅಂದೆ. ‘ನಾನು ಸತ್ರೆ ಇನ್ನೂ ಜಾಸ್ತಿ ಬೇಜಾರು ಮಾಡ್ಕೋತಾನೆ’ ಎಂದು ನಕ್ಕರು. ನಾನೂ ನಕ್ಕೆ. ನೀವು ಕಾಫಿ ತಂದಿರಿ. ಟೊಮೇಟೊ ಮಾತಿಗೆ ಹೊರಳಿದೆವು.

ನಿನ್ನೆ ಖಾಲಿ ಕೋರ್ಟಿನಲ್ಲಿ, ಆ ಮುಂದಿನ ಬೆಂಚಿನ ಎದುರು ಸ್ವಲ್ಪ ಹೊತ್ತು ನಿಂತಿದ್ದೆ. ಕೆಳಗಿನ ಕೋರ್ಟೂ ಕೇಳದ, ನಾವೂ ಕೇಳುವಂತಿಲ್ಲದ ಆ ಒಂದೇ ಪ್ರಶ್ನೆ ಬಾಯಿಗೆ ಬಂತು. ಓಜೆಲ್ಲಾ ಅಮ್ಮ, ಆ ಸಂಜೆ ಡೆರಲ್ ಎಲ್ಲಿದ್ದ?