ಕೈ ಆಡಿಸುವಾಗಿನ ಚಿತ್ರ

ಪಾಣೆಮಂಗಳೂರು
27 ಏಪ್ರಿಲ್ 2025

ಪ್ರೀತಿಯ ಮುರ್ಶಿದಾ,

ಹೇಗಿದ್ದೀ? ಪೆರ್ನಾಲ್ ಹಬ್ಬಕ್ಕೆ ನೀನು ಕಳಿಸಿದ ತಿಂಡಿಯ ಡಬ್ಬಿ ತಲುಪಿ ತಿಂಗಳಾಗುತ್ತ ಬಂತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಈ ಮನೆಯಲ್ಲಿ ಫೋನಿನ ಮಾತು ಅಡುಗೆಮನೆಯವರೆಗೂ ಕೇಳುತ್ತದೆ. ಅಲ್ಲದೆ ದಿನವೂ ಒಂದಿಷ್ಟು ಕೈಯಲ್ಲಿ ಬರೆಯಬೇಕೆಂದು ಫಿಸಿಯೋಥೆರಪಿಯವರ ಅಪ್ಪಣೆ. ಅಕ್ಷರ ವಾಲಿದೆ. ಶಾಲೆಯಲ್ಲಿ ನಾವಿಬ್ಬರೂ ಪಾಠ ಮಾಡುತ್ತಿದ್ದಾಗ ಇಂಥ ಬರಹಕ್ಕೆ ನೀನು ಅರ್ಧ ಅಂಕ ಕಳೆಯುತ್ತಿದ್ದೆ.

ಹಾರಿಸ್ ಪಿಯುಸಿಯಲ್ಲಿ ಪಾಸಾದದ್ದು ಕೇಳಿ ಸಂತೋಷವಾಯಿತು. ನಿನ್ನ ಮಗ ಇಷ್ಟು ಬೇಗ ಪಿಯು ಮುಗಿಸಿದನೇ ಎಂದು ಆಶ್ಚರ್ಯವೂ ಆಯಿತು.

ನನ್ನ ಕಾಯಿಲೆ ಏನು ಮಾಡುತ್ತದೆಂದು ಹಿಂದೊಮ್ಮೆ ನೀನು ಕೇಳಿದ್ದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ಮೆದುಳಿನ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುವುದು. ನನಗೆ ಮೊದಲು ಕಣ್ಣು ಮಂಜಾಯಿತು, ಮತ್ತೆ ಬಲಗೈ ಜೋಮು ಹಿಡಿಯಿತು. ಕಣ್ಣು ಸರಿಯಾಯಿತು. ಕೈಯ ಬಲ ಪೂರ್ತಿ ಬರಲಿಲ್ಲ. ಉಳಿದದ್ದು ಸುಸ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು, ಸೆಕೆ ಏರಿದಂತೆ ಅದೂ ಏರುತ್ತದೆ. ಅದಕ್ಕಾಗಿಯೇ ಮೂಡುಬಿದಿರೆಯ ಬಸ್ಸನ್ನೂ ಶಾಲೆಯನ್ನೂ ಬಿಟ್ಟದ್ದು. ಆರು ವರ್ಷವಾಯಿತು.

ನೋಡುವವರಿಗೆ ನಾನು ಚೆನ್ನಾಗಿಯೇ ಇದ್ದೇನೆ. ಮಧ್ಯಾಹ್ನ ಮಲಗಿದರೆ ಅತ್ತೆ ಬಾಗಿಲ ಹತ್ತಿರ ಪಾತ್ರೆಯ ಸದ್ದು ಮಾಡುತ್ತಿದ್ದರು. ನನ್ನ ಗಂಡನ ಸ್ವಭಾವ ನಿನಗೆ ಗೊತ್ತು, ಶೋಧನ್ ಗದರುವವರಲ್ಲ. "ಸ್ವಲ್ಪ ಮನಸ್ಸು ಗಟ್ಟಿ ಮಾಡು ಶಶಿ. ನಾನೂ ಬೆಳಗ್ಗೆಯಿಂದ ಹೋಟೆಲಿನಲ್ಲಿ ನಿಲ್ಲುವುದಿಲ್ವಾ?" ಎನ್ನುತ್ತಿದ್ದರು.

ಜನವರಿಯಲ್ಲಿ ಮಂಗಳೂರಿನ ಆಸ್ಪತ್ರೆಯೊಂದರ ಸಂಶೋಧನೆಗೆ ಸೇರಿದೆ. ವ್ಯಾಯಾಮದಿಂದ ಕೈ ಸುಧಾರಿಸಿದರೆ ಮೆದುಳಿನ ಕೆಲಸದ ರೀತಿಯೂ ಬದಲಾಗುತ್ತದೆಯೇ ಎಂದು ಅವರು ನೋಡುತ್ತಿದ್ದಾರೆ. ಶುರುವಿನಲ್ಲೊಮ್ಮೆ, ಮೂರು ತಿಂಗಳ ಬಳಿಕ ಇನ್ನೊಮ್ಮೆ ಸ್ಕ್ಯಾನ್. ನಡುವೆ ಮನೆಯಲ್ಲಿ ಹೆಸರುಕಾಳು ಹೆಕ್ಕುವುದು, ಗುಂಡಿ ಹಾಕುವುದು, ಬಟ್ಟೆಯ ಕ್ಲಿಪ್ ಒತ್ತುವುದು. ಅತ್ತೆ ನೋಡಿ, "ಇದಕ್ಕೆ ಮಂಗಳೂರಿಗೆ ಹೋಗ್ಬೇಕಿತ್ತಾ? ಅಕ್ಕಿ ಆರಿಸಿದ್ರೆ ಸಾಕಿತ್ತು" ಅಂದರು. ಅದೂ ಸರಿಯೇ.

ಸ್ಕ್ಯಾನ್ ಎಂದರೆ ಯಂತ್ರದೊಳಗೆ ತಲೆ ಅಲ್ಲಾಡಿಸದೆ ಮಲಗುವುದು. ಮಾಣಿ ಪೇಟೆಯಲ್ಲಿ ಹೆದ್ದಾರಿ ಅಗೆಯುತ್ತಿದ್ದಾಗ ಕೇಳುತ್ತಿದ್ದಂಥ ಸದ್ದು. ಕಣ್ಣೆದುರು ಗುರುತು ಬಂದಾಗ ಬಲಗೈಯ ಬೆರಳು ಆಡಿಸಬೇಕು, ಗುರುತು ಹೋದಾಗ ನಿಲ್ಲಿಸಬೇಕು. ಅಷ್ಟೆ.

ಕಳೆದ ವಾರ ಚಿತ್ರ ತೋರಿಸುತ್ತೇವೆಂದು ಕರೆದರು. ಶೋಧನ್ ಕಾರಿನಲ್ಲಿ ಕರೆದುಕೊಂಡು ಹೋದರು, ಒಳಗೂ ಬಂದರು. ಡಾಕ್ಟರ್ ವಿಸ್ಮಿತಾ ನಮಗಿಂತ ಚಿಕ್ಕವಳು, ನಿಧಾನವಾಗಿ ಮಾತಾಡುತ್ತಾಳೆ. "ಬಲಗೈ ಆಡಿಸುವಾಗ ಹೆಚ್ಚಿನವರ ಮೆದುಳಿನಲ್ಲಿ ಎಡಬದಿಯೇ ಮುಖ್ಯವಾಗಿ ಕೆಲಸ ಮಾಡ್ತದೆ. ಇವರದ್ದು ನೋಡಿ, ಜನವರಿಯಲ್ಲಿ ಎರಡೂ ಬದಿ ಕೆಲಸ ಮಾಡಿದೆ. ಈಗ ಬಲಬದಿ ಸ್ವಲ್ಪ ಕಡಿಮೆ ಉಂಟು. ಆದರೆ ಒಬ್ಬರ ಚಿತ್ರದಿಂದ ನಾವು ಏನೂ ತೀರ್ಮಾನ ಮಾಡುವುದಿಲ್ಲ. ಎಲ್ಲರದ್ದೂ ಸೇರಿಸಿ ನೋಡ್ಬೇಕು."

ಶೋಧನ್ ಜನವರಿಯ ಚಿತ್ರವನ್ನೇ ನೋಡುತ್ತಿದ್ದರು. ಬೂದು ಬಣ್ಣದ ಮೆದುಳು, ಅದರ ಮೇಲೆ ಎರಡೂ ಕಡೆ ಕಿತ್ತಳೆ ಬಣ್ಣದ ಮಚ್ಚೆ.

"ಹಾಗಾದರೆ ಇವಳು ಹೇಳ್ತಿದ್ದದ್ದು ಹೌದಾ ಮೇಡಂ?" ಎಂದು ಕೇಳಿದರು.

"ಅವರು ಹೇಳಿದ್ದರಲ್ಲಿ ನಮಗೆ ಸಂಶಯ ಇರಲಿಲ್ಲ" ಅಂದಳು ಡಾಕ್ಟರ್.

ಹಿಂದೆ ಬರುವಾಗ ಶೋಧನ್ ದಾರಿಯಲ್ಲಿ ಕಾರು ನಿಲ್ಲಿಸಿ ಬೊಂಡದ ನೀರು ಕುಡಿಸಿದರು. ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಆಸ್ಪತ್ರೆಯಲ್ಲಿ ಫೋನಿನಲ್ಲಿ ತೆಗೆದುಕೊಂಡಿದ್ದ ಆ ಚಿತ್ರವನ್ನು ಅತ್ತೆಗೆ ತೋರಿಸಿದರು. "ನೋಡಿ ಅಮ್ಮ, ಒಂದು ಬೆರಳು ಆಡಿಸ್ಲಿಕ್ಕೆ ಇವಳ ತಲೆ ಇಷ್ಟು ಕೆಲಸ ಮಾಡ್ತದೆ. ಮತ್ತೆ ಸುಸ್ತಾಗದೆ ಇರ್ತದಾ?"

ಅತ್ತೆ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಪಾಪ, ಇಷ್ಟೆಲ್ಲ ಉಂಟಾ ಒಳಗೆ" ಅಂದರು.

ಮರುದಿನದಿಂದ ಮಧ್ಯಾಹ್ನ ಪಾತ್ರೆಯ ಸದ್ದಿಲ್ಲ. ಮೀನು ಶುಚಿ ಮಾಡುವುದು ಈಗ ಅತ್ತೆಯ ಕೆಲಸ. ಶೋಧನ್ ಹೋಟೆಲಿನಲ್ಲಿ ಗುರುತಿನವರಿಗೂ ಚಿತ್ರ ತೋರಿಸುತ್ತಾರಂತೆ. ಅವರು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ, ಹೋಗುವಾಗ ನನ್ನ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಾರೆ. ಕೈಯೂ ತಕ್ಕಮಟ್ಟಿಗೆ ಸುಧಾರಿಸಿದೆ. ರವಕೆಯ ಹುಕ್ಕು ನಾನೇ ಹಾಕಿಕೊಳ್ಳುತ್ತೇನೆ.

ಹಾರಿಸ್‌ಗೆ ಒಳ್ಳೆಯ ಕಾಲೇಜು ಸಿಗಲಿ, ಅವನು ಬಯಸಿದ್ದನ್ನೇ ಓದಲಿ. ನಿನ್ನ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರಿ. ಮಳೆ ಶುರುವಾಗಿ ಸೆಕೆ ಇಳಿದ ಮೇಲೆ ಒಂದು ದಿನ ಬಂದು ಹೋಗು.

ನಿನ್ನ
ಶಶಿಪ್ರಭಾ

ತಾ.ಕ.: ಆ ದಿನ ಶೋಧನ್ ಕಾರು ತರಲು ಹೋದಾಗ ನಾನು ಡಾಕ್ಟರನ್ನು ಕೇಳಿದೆ, ನನ್ನ ಸುಸ್ತು ಈ ಚಿತ್ರದಲ್ಲಿ ಎಲ್ಲಿ ಉಂಟು ಎಂದು. "ಇಲ್ಲ ಅಕ್ಕ, ಇದು ಕೈ ಆಡಿಸುವಾಗಿನ ಚಿತ್ರ ಮಾತ್ರ. ಸುಸ್ತು ಎಷ್ಟು ಅಂತ ಇದು ಹೇಳುವುದಿಲ್ಲ. ಅದನ್ನು ನಾವು ನಿಮ್ಮ ಬಾಯಿಂದಲೇ ಕೇಳಿ ಬರ್ಕೊಳ್ಳುವುದು. ನೀವು ಹೇಳಿದ್ದನ್ನು ನಂಬ್ತೇವೆ" ಅಂದಳು. ಇದನ್ನು ಶೋಧನ್‌ಗೆ ಹೇಳಿಲ್ಲ. ದಿನಾ ಹೇಳಬೇಕೆಂದುಕೊಳ್ಳುತ್ತೇನೆ, ಬಾಗಿಲು ಮೆಲ್ಲಗೆ ಮುಚ್ಚುವುದನ್ನು ಕೇಳುತ್ತ ಸುಮ್ಮನೆ ಮಲಗುತ್ತೇನೆ. ಹೇಳಿದರೆ ಅವರಿಗೆ ನಂಬಲಿಕ್ಕೆ ಚಿತ್ರ ಇರುವುದಿಲ್ಲ, ನಾನೊಬ್ಬಳೇ ಉಳಿಯುತ್ತೇನೆ, ಮುರ್ಶಿ.