ಗೇಟಿನ ಕಡೆ ಮುಖ

ಮಂಗಳವಾರ, ಮಾರ್ಚ್ ೧೧

ನಾನು ಬೇಕಂತಲೇ ಮುಖ ತಿರುಗಿಸಿಕೊಂಡೆ ಅಂದುಬಿಟ್ಟರಲ್ಲ, ಅದೇ ಕೊರೆಯುತ್ತಿದೆ.

ಗೋದಾಮಿನ ಗೇಟು ಕಾಯುವವರು ನಮ್ಮ ಯಜಮಾನರು. ಅಲ್ಲಿನ ಕ್ಯಾಮೆರಾ ಯಾವ ಹೊತ್ತಿಗೆ ಯಾವ ಕಡೆ ತಿರುಗಬೇಕೆಂದು ನಿಯಮ ಹಾಕುವವಳು ನಾನು. ದಿನಾ ಊಟವಾದ ಮೇಲೆ ಖಾಲಿ ಡಬ್ಬಿಯನ್ನು ಕ್ಯಾಮೆರಾಕ್ಕೆ ತೋರಿಸುತ್ತಾರೆ. ನಾನು ಮನೆಯಲ್ಲಿ ಕೂತು ನೋಡುತ್ತೇನೆ. ಇಂದು ಹಿಂಬಾಗಿಲಿಗೆ ಹೆಚ್ಚು ಗಸ್ತು ಬೇಕೆಂದು ಮ್ಯಾನೇಜರ್ ಹೇಳಿದರು. ಹೊಸ ವೇಳಾಪಟ್ಟಿ ಹಾಕುವಾಗ ಊಟದ ಹೊತ್ತಿನ ಗೇಟನ್ನೇ ಬಿಟ್ಟುಬಿಟ್ಟೆ.

ಫೋನ್ ಬಂತು. "ಬೆಳಿಗ್ಗೆ ಉಪ್ಪು ಕಡಿಮೆ ಅಂದಿದ್ದಕ್ಕೆ ಇಷ್ಟು ಕೋಪಾನಾ? ಡಬ್ಬಿ ಹಿಡ್ಕೊಂಡು ನಿಂತಿದ್ದೀನಿ, ನಿನ್ನ ಕ್ಯಾಮೆರಾ ತಿರುಗಿಯೂ ನೋಡ್ತಿಲ್ಲ."

"ಅಯ್ಯೋ, ಮರೆತೇಬಿಟ್ಟೆ ಕಣ್ರೀ!"

ಅಷ್ಟರಲ್ಲಿ ಫೋನ್ ಇಟ್ಟೇಬಿಟ್ಟಿದ್ದರು.

ಕೂಡಲೇ ನಿಯಮ ತಿದ್ದಿದೆ: ಊಟದ ಹೊತ್ತಿಗೆ ಗೇಟಿನ ಕಡೆ ತಿರುಗಬೇಕು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕು. ಕ್ಯಾಮೆರಾ ತಿರುಗಿತು. ನೋಡಿದರೆ ಯಜಮಾನರು ಕುರ್ಚಿ ತಿರುಗಿಸಿ, ನನಗೆ ಬೆನ್ನು ಹಾಕಿ ಕೂತಿದ್ದಾರೆ! ಅಷ್ಟು ದಪ್ಪ ಮೀಸೆಯ ಹಿಂದೆ ಎಂಥ ಮಗುವಿನ ಮುನಿಸು.

ಕ್ಯಾಮೆರಾ ತಿರುಗಿದ ಸದ್ದು ಕೇಳಿಸಿರಬೇಕು. ಬೆನ್ನು ಹಾಗೇ ಇತ್ತು, ಕೈ ಮಾತ್ರ ಮೆಲ್ಲಗೆ ಮೇಲೆದ್ದಿತು. ಡಬ್ಬಿಯನ್ನು ಬೋರಲು ಹಿಡಿದಿದ್ದರು. ಒಂದು ಅಗುಳೂ ಉದುರಲಿಲ್ಲ.