ಹೊಳೆ ಬದಿ ಬ್ಲಾಕಿನ ಮಣ್ಣು

ಅಕ್ಟೋಬರ್ 8. ಬೆಳಿಗ್ಗೆ

ನನ್ನ ಚಪ್ಪಲಿ ತಿರುಗಿ ಕೂತಿತ್ತು. ರಾತ್ರಿ ಒದ್ದು ಬಿಟ್ಟು ಒಳಗೆ ಹೋಗಿದ್ದೆ. ಈಗ ಜೋಡಿಯಾಗಿ, ಮೂತಿ ಅಂಗಳದ ಕಡೆಗೆ. ಕಾಲು ತೂರಿಸಿ ನಡೆದರಾಯಿತು. ಹಿಸಾಕೊ ಅವರ ಕೆಲಸ. ರೂಮು ಗುಡಿಸುವ ಜವರಿಯದ್ದೂ ಹಾಗೇ ಇತ್ತು. ಅವಳು ನಕ್ಕಳು: "ಈ ಜಪಾನಮ್ಮ ನಮ್ಮನ್ನ ಬೇಗ ಹೊರಡಿ ಅಂತಿದಾರಾ?"

ಹಿಸಾಕೊ ಅವರಿಗೆ ಎಪ್ಪತ್ತು ದಾಟಿರಬಹುದು. ಮಗಳು ಅಳಿಯ ಬೆಂಗಳೂರಲ್ಲಿ. ಗಲಾಟೆ ಬೇಡವೆಂದು ಕಕ್ಕಬೆಗೆ, ನಮ್ಮ ಹೋಂಸ್ಟೇಗೆ ಬಂದಿದ್ದಾರೆ. ನಮ್ಮ ಅಂತ ಬರೆದೆ... ಬೋಜಮ್ಮ ಆಂಟಿಯದು. ಎಂ.ಎ. ಆಗಿದೆ ಅಂತ ಗೆಸ್ಟುಗಳ ಹತ್ತಿರ ಮಾತಾಡಲು ನನ್ನನ್ನು ಇಟ್ಟುಕೊಂಡವರು. ಮಾತಾಡಲು! "ತನೂ, ನಿನ್ನ ಬಾಯಿ ಬೀಗದ ಕೀ ಯಾವ ರೂಮಲ್ಲಿ ಮರೆತೆ?" ಅಂತ ದಿನಾ ಕೇಳ್ತಾರೆ.

ಆಂಟಿಯ ಕಾಫಿ ತೋಟದ ಮಣ್ಣಿನ ಸ್ಯಾಂಪಲ್ ಇವತ್ತು ಪರೀಕ್ಷೆಗೆ ಲ್ಯಾಬಿಗೆ ಹೋಗಬೇಕಿತ್ತು. ಜಗಲಿ ಮೇಜಿನ ಮೇಲಿದ್ದ ಕವರುಗಳಿಗೆಲ್ಲ ಬ್ಲಾಕಿನ ಹೆಸರು ಅಂಟಿಸಿ ಕಾರ್ಟನ್ನಿಗೆ ತುಂಬಿದೆ. ಒಂದು ಕವರು ಸಣ್ಣದು, ಮೇಲೆ ಏನೋ ಗೀಚಿತ್ತು. ಓದಲಾಗಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಅಶೋಕಣ್ಣನ ಅಕ್ಷರವೇ ಹಾಗೆ, ಅದನ್ನು ಅವರೊಬ್ಬರೇ ಓದಬೇಕು. ಹೊಳೆ ಬದಿ ಬ್ಲಾಕ್ ಒಂದೇ ಬಾಕಿ ಇತ್ತು. ಅದೇ ಅಂತ ಚೀಟಿ ಅಂಟಿಸಿದೆ. ಮಧ್ಯಾಹ್ನ ಜೀಪ್ ಹೋಯಿತು.

ಅದೇ ದಿನ, ಸಂಜೆ

ಮೊದಲಿಂದ ಬರೆಯಬೇಕು.

ಟೀ ಹೊತ್ತಿಗೆ ಹಿಸಾಕೊ ಮಾತಾಡಿದರು. ಜಪಾನಿಯಲ್ಲಿ ಹೇಳಿದ್ದನ್ನು ಅವರ ಫೋನ್ ಇಂಗ್ಲಿಷ್ ಮಾಡುತ್ತದೆ. ಅವರ ಊರಲ್ಲಿ ಸಮುದ್ರದ ಪಕ್ಕ ಒಂದು ಬೇಸ್‌ಬಾಲ್ ಸ್ಟೇಡಿಯಂ ಇತ್ತಂತೆ. ಯುದ್ಧದಲ್ಲಿ ಊರು ಸುಟ್ಟುಹೋದ ಮೇಲೆ, ಮನೆಗಳು ಪೂರ್ತಿ ಏಳುವ ಮುಂಚೆಯೇ ಜನ ಅದನ್ನು ಕಟ್ಟಿಕೊಂಡರಂತೆ. ಮರದ ಬೆಂಚು. ಚೆಂಡು ಒಮ್ಮೊಮ್ಮೆ ಗೋಡೆ ದಾಟಿ ಮೀನು ಒಣಹಾಕಿದ ಚಾಪೆ ಮೇಲೆ ಬೀಳುತ್ತಿತ್ತು. ಇವರು ಅಲ್ಲಿ ಅನೌನ್ಸರ್. ಬ್ಯಾಟ್ ಹಿಡಿದು ಬರುವವನ ಹೆಸರನ್ನು ಮೈಕಿನಲ್ಲಿ ಕೂಗುವುದು. ಕೂಗಿ ತೋರಿಸಿದರು... ಸಕ್ಕರೆ ಕೇಳಲೂ ಪಿಸುಗುಟ್ಟುವ ಹೆಂಗಸು! ಸೌದೆ ಕೊಟ್ಟಿಗೆಯ ನಾಯಿ ಎದ್ದು ನಿಂತಿತು.

ತಪ್ಪು ಹೆಸರು ಕೂಗಿದ್ದುಂಟಾ ಅಂತ ಕೇಳಿದೆ. ಉಂಟಂತೆ. "ತಕ್ಷಣ ಅದೇ ಮೈಕಿನಲ್ಲಿ ತಿದ್ದಬೇಕು. ಆಮೇಲೆ ಆಟಗಾರನ ಕಿವಿಯಲ್ಲಿ ಕ್ಷಮೆ ಕೇಳಿದರೆ ಸಾಲದು. ಎಲ್ಲರೂ ಕೇಳಿಸಿಕೊಂಡಿರುತ್ತಾರಲ್ಲ."

ಕಂಬಗಳು ಹಳತಾದವು, ಭೂಕಂಪ ತಡೆಯಲಾರವು ಅಂತ ಕೊನೆಗೆ ಕೆಡವಿದರು. ಈಗ ಅಲ್ಲಿ ಪಾರ್ಕಿಂಗ್. ಬ್ಯಾಟರ್ ನಿಲ್ಲುತ್ತಿದ್ದ ಜಾಗಕ್ಕೆ ಒಂದು ಹಿತ್ತಾಳೆ ಬಿಲ್ಲೆ ಹಾಕಿದ್ದಾರೆ, ಅದರ ಮೇಲೂ ಕಾರು ನಿಲ್ಲುತ್ತೆ. ಕೊನೆಯ ದಿನ ಎಲ್ಲರಿಗೂ ಅಲ್ಲಿನ ಮಣ್ಣು ಕೊಟ್ಟರಂತೆ. "ನನ್ನದು ಜೊತೆಗೇ ಇರುತ್ತೆ. ಇಲ್ಲಿನ ಮಳೆಗೆ ತೇವವಾಗಿತ್ತು, ಆರಲೆಂದು ಜಗಲಿ ಮೇಜಿನ ಮೇಲೆ ಇಟ್ಟಿದ್ದೆ" ಅಂತ ತೋರಿಸಲು ಎದ್ದರು.

ಜಗಲಿ ಮೇಜು ಖಾಲಿ. ಬೆಳಿಗ್ಗೆ ಆ ಸಣ್ಣ ಕವರಿನ ಮೇಲಿದ್ದ ಗೀಚು ಜಪಾನಿ ಅಕ್ಷರ.

ಮಣ್ಣಿನ ಕವರು ಕಾಣೆ ಅಂತ ಕೇಳಿ ಆಂಟಿ ಅಡುಗೆಮನೆಯಿಂದ ಬಂದರು. "ಜವರೀ! ಮೇಜು ಒರೆಸಿದ್ದು ನೀನಲ್ವಾ?"

"ಹೌದಮ್ಮ. ಆದ್ರೆ ನಾ ಮಣ್ಣು ಕಾಣ್ಲಿಲ್ಲ."

"ಕಾಣದೇ ಗುಡಿಸಿ ಬಿಸಾಕಿದ್ದೀಯ. ಗೆಸ್ಟ್ ಮುಂದೆ ಮರ್ಯಾದೆ ತೆಗೆದೆಯಲ್ಲ!"

"ಅಯ್ಯೋ, ತೋಟ ತುಂಬ ಮಣ್ಣಿದೆ, ಯಾರಾದ್ರೂ ಮಣ್ಣು ಮುಟ್ತಾರಾ..." ಅಂತ ಜವರಿ ನನ್ನ ಕಡೆ ನೋಡಿದಳು. ಅವಳಿಗೇನೂ ಗೊತ್ತಿಲ್ಲ. ಇಂಗ್ಲಿಷ್ ಬಲ್ಲವಳು ನಾನು, ಅವಳ ಪರವಾಗಿ ಹೇಳಲಿ ಅಂತ ನೋಡಿದ್ದು.

ನಾನು ಟೀ ಲೋಟ ಎತ್ತಿಕೊಂಡು ಒಳಗೆ ಬಂದೆ.

ಅಕ್ಟೋಬರ್ 9

ಜವರಿಯನ್ನು ಕಳೆ ತೆಗೆಯಲು ತೋಟಕ್ಕೆ ಕಳಿಸಿದ್ದಾರೆ. ಮಳೆಯಲ್ಲಿ. ಜಿಗಣೆಯಲ್ಲಿ. ರೂಮು ನಾನೇ ಗುಡಿಸಿದೆ. ಅದರಿಂದ ಏನೋ ತೀರಿದ ಹಾಗೆ ಅನಿಸಿತು. ಥೂ.

ಅಕ್ಟೋಬರ್ 10

ಸಂಜೆ ತೋಟದ ಗೇಟಿನ ಹತ್ತಿರ ಹಿಸಾಕೊ ಜವರಿಗೆ ಸೊಂಟ ಬಗ್ಗಿಸಿ ತಲೆ ತಗ್ಗಿಸುವುದನ್ನು ನೋಡಿದೆ. ನನ್ನಿಂದ ನಿಮಗೆ ತೊಂದರೆ ಆಯಿತು ಅಂತ ಫೋನು ಹೇಳುತ್ತಿತ್ತು. ಇಂಗ್ಲಿಷಿನಲ್ಲಿ. ಜವರಿ ಗಾಬರಿಯಾಗಿ ಕೂಗಿದಳು: "ಏನಂತೆ ತನಕ್ಕಾ? ಮತ್ತೆ ಬೈತಿದಾರಾ?"

"ಇಲ್ಲ" ಅಂದೆ. ಅಷ್ಟೇ ಅಂದೆ.

ಅಕ್ಟೋಬರ್ 15

ಅಶೋಕಣ್ಣ ಲ್ಯಾಬಿಗೆ ಫೋನ್ ಮಾಡಿದ್ದರಂತೆ. ಜಗಲಿಯಲ್ಲಿ ಒಂದೇ ನಗು. "ಹೊಳೆ ಬದಿ ಬ್ಲಾಕಿಗೆ ಇಷ್ಟು ಸುಣ್ಣ ಯಾರು ಹಾಕಿದ್ದು ಅಂತ ಕೇಳ್ತಾರೆ ಮಾರಾಯ್ತಿ! ಅಲ್ಲಿಗೆ ನಾವು ಸುಣ್ಣ ಹಾಕಿ ಯಾವ ಕಾಲ ಆಯ್ತು!"

ಆಟದ ಗೆರೆಗಳು. ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು ಇರಬೇಕು. ಎಷ್ಟು ವರ್ಷ ಎಳೆದರೋ. ಎಲ್ಲ ಕೆಡವಿದ ಮೇಲೂ ಒಂದು ಹಿಡಿ ಮಣ್ಣಿನಲ್ಲಿ ಉಳಿದಿದ್ದವು. ನಾನು ಅದನ್ನು ಕಾಫಿಗೆ ಆಗುತ್ತದಾ ನೋಡಿ ಅಂತ ಕಳಿಸಿದ್ದೆ.

"ಉಳಿದ ಮಣ್ಣು ವಾಪಸ್ ಕೊಡ್ತಾರಾ ಅಶೋಕಣ್ಣ?"

"ಕೇಳಿದ್ರೆ ಕೊಡ್ತಾರೆ. ಜರಡಿ ಹಿಡಿದಿರ್ತಾರೆ ಅಷ್ಟೇ. ಯಾಕೆ, ಮುಖಕ್ಕೆ ಹಚ್ಕೊಳ್ತೀಯಾ?"

ಅಕ್ಟೋಬರ್ 16

ತಂದುಕೊಟ್ಟರು. ಟಾಲ್ಕಮ್ ಪೌಡರ್ ಹಾಗೆ ನುಣ್ಣಗಾಗಿದೆ. ಅರ್ಧವೂ ಇಲ್ಲ. ಲ್ಯಾಬಿನ ಹೊಸ ಕವರು, ಮೇಲೆ ಹಳೆಯದರಿಂದ ಕಿತ್ತು ಅಂಟಿಸಿದ ನನ್ನದೇ ಚೀಟಿ.

ಮೇಜಿನ ಹಿಂದೆ ಬೀಳಿಸಿ "ಅರೆ, ಇಲ್ಲೇ ಇದೆ!" ಅನ್ನಬಹುದು. ಕವರು ಹರಿದಿತ್ತು, ಬದಲಾಯಿಸಿದೆ ಅನ್ನಬಹುದು. ನಂಬುತ್ತಾರೆ. ಹಿಸಾಕೊ ಖುಷಿಯಾಗಿ ಹೋಗುತ್ತಾರೆ. ಆಂಟಿ ಮಾತ್ರ "ಜವರಿ ಸರಿಯಾಗಿ ನೋಡ್ಲೇ ಇಲ್ಲ ನೋಡು" ಅಂತಾರೆ. ಇಡೀ ಮಧ್ಯಾಹ್ನ ಈ ನಾಟಕದ ಡೈಲಾಗ್ ಬರೆಯುತ್ತಾ ಕೂತಿದ್ದೆ. ಸಾಹಿತ್ಯ ಓದಿದ್ದು ಇದಕ್ಕೇ ಇರಬೇಕು.

ಅಕ್ಟೋಬರ್ 17. ಬೆಳಿಗ್ಗೆ

ಹಿಸಾಕೊ ಇವತ್ತು ಹೊರಡುತ್ತಾರೆ. ಬ್ಯಾಗು ಹೊರಲು ಜವರಿಯನ್ನು ಕರೆಸಿದ್ದಾರೆ. ಅವಳ ಚಪ್ಪಲಿ ಬಾಗಿಲಲ್ಲಿದೆ, ತೋಟದ ಕೆಸರು ಹತ್ತಿದೆ. ಆಗಲೇ ಯಾರೋ ಅದರ ಮೂತಿ ಅಂಗಳಕ್ಕೆ ತಿರುಗಿಸಿದ್ದಾರೆ.

ಅಡುಗೆಮನೆಯಲ್ಲಿ ಆಂಟಿ. ಬೇಯುತ್ತಿರುವ ಕಡಂಬಿಟ್ಟಿನ ಅಕ್ಕಿ ಉಂಡೆಗಳ ಹಬೆ. ಎಲ್ಲರೂ ಜಗಲಿಗೆ ಬರುತ್ತಿದ್ದಾರೆ. ಹಿಸಾಕೊ ಒಬ್ಬರ ಕಿವಿಯಲ್ಲಿ ಹೇಳಿ ಮುಗಿಸುವುದು ಸುಲಭ. ಅದು ಬೇಡ.

ಕವರಿನ ಮೇಲಿನ ಚೀಟಿ ಕಿತ್ತಿಲ್ಲ, ಹಾಗೇ ಇರಲಿ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಎರಡು ಸಲ ಜೋರಾಗಿ ಹೇಳಿ ನೋಡಿದೆ. ಮೊದಲು ಕನ್ನಡದಲ್ಲಿ, ಜವರಿಗೆ ಅರ್ಥವಾಗುವ ಹಾಗೆ. ಆಮೇಲೆ ಇಂಗ್ಲಿಷಿನಲ್ಲಿ. "ಅವತ್ತು ಹೆಸರು ತಪ್ಪಾಗಿ ಕೂಗಿದ್ದಾಯಿತು. ಜವರಿ ಅಲ್ಲ —"

ಆಂಟಿ ಕರೆಯುತ್ತಿದ್ದಾರೆ